ವಸತಿಗೃಹದ ಜೀರ್ಣೋದ್ಧಾರ

ತಂದೆಯವರು ಬಸ್ಸು ನಿಲ್ದಾಣದ ಸಮೀಪದಲ್ಲಿ ಕಟ್ಟಿಸಿದ ವಸತಿಗೃಹ. ಕೆಳಗೂ ಮೇಲೂ ಸೇರಿ ಹದಿನಾರು ಕೋಣೆಗಳು. ಗೋಡೆಗಳು ಮಾಸಿವೆ, ಬಚ್ಚಲಿನ ನಲ್ಲಿಗಳು ಸೋರುತ್ತವೆ, ಮಳೆಗಾಲದಲ್ಲಿ ಹಾಸಿಗೆಗಳು ಮುಗ್ಗಲು ನಾರುತ್ತವೆ. ವ್ಯಾಪಾರದ ನಿಮಿತ್ತ ಊರೂರು ತಿರುಗುವವರು ಒಮ್ಮೆ ಇಳಿದರೆ ಮತ್ತೊಮ್ಮೆ ಇಳಿಯಲು ಹಿಂದೆಗೆಯುತ್ತಾರೆ. ಅವರಿಗಾಗಿ ಇದನ್ನು ಹೊಸದಾಗಿಸಿದರೆ ಹಾಕಿದ ಹಣವು ಹಿಂದಿರುಗುವುದೇ? ಶಿಕಾರಿಪುರದ ಒಂದು ಮನೆತನದವರು ನಮ್ಮ ಮುಂದೆ ಇಟ್ಟಿರುವ ಪ್ರಶ್ನೆ ಇದು.

ಅಲ್ಲಿ ಸಹೋದರರು ಇಬ್ಬರು. ಅಡಕೆಯ ತೋಟವನ್ನು ಆಧಾರಮಾಡಿ 25 ಲಕ್ಷ ರೂಪಾಯಿ ಸಾಲವೆತ್ತಿ ಹದಿನಾರು ಕೋಣೆಗಳನ್ನೂ ಒಟ್ಟಿಗೆ ನವೀಕರಿಸಬೇಕೆಂಬುದು ತಮ್ಮನ ಸಂಕಲ್ಪ. ತೋಟದ ಪತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲಾರೆನೆಂಬುದು ಅಣ್ಣನ ಹಟ. ಎರಡೇ ವರ್ಷಗಳಲ್ಲಿ ಅಸಲು ಕೈಸೇರುವುದೆಂದು ಗುತ್ತಿಗೆದಾರನು ತಮ್ಮನಿಗೆ ಭರವಸೆ ಕೊಟ್ಟಿರುವನಂತೆ. ಮಾತು ಪಾಲಾಗುವವರೆಗೂ ಹೋಗಿದೆಯೆಂದೂ, ವೃದ್ಧೆಯಾದ ತಾಯಿಯವರು ಮಕ್ಕಳಿಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಎಲೆ ಹಾಕುತ್ತಿರುವರೆಂದೂ ಕೇಳಿ ನಮಗೆ ಖೇದವಾಯಿತು. ಇಂತಹ ಪ್ರಶ್ನೆಯು ಮಲೆನಾಡಿನ ಸೆರಗಿನ ಅನೇಕ ಊರುಗಳಲ್ಲಿ ಅನೇಕ ಮನೆಗಳಲ್ಲಿ ಇರುವುದರಿಂದ, ಹೆಸರನ್ನು ಬಿಟ್ಟು, ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಬದಲಿಸಿಕೊಂಡು, ಇಲ್ಲಿ ವಿಚಾರಮಾಡುತ್ತೇವೆ. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಆಯಾ ಸ್ಥಾನದಲ್ಲಿಟ್ಟು ನೋಡಿಕೊಳ್ಳಬಹುದು.

ವರ್ತಕರು ಈ ಸೀಮೆಗೆ ಬಂದು ಇಳಿದುಕೊಳ್ಳುವುದು ಹೊಸ ಸಂಗತಿಯೇನೂ ಅಲ್ಲ. ಶಿರಾಳಕೊಪ್ಪದ ಮಗ್ಗುಲಿನ ಬಳ್ಳಿಗಾವಿಯು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿದ್ದ ಕಾಲದಲ್ಲಿ ದೊಡ್ಡ ವಾಣಿಜ್ಯಪಟ್ಟಣವೂ ಆಗಿತ್ತು. ಅಲ್ಲಿಯ ಕೋಡಿಯ ಮಠದಲ್ಲಿ ದೀನರಿಗೂ ಅಂಗವಿಕಲರಿಗೂ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು 1162ರ ಶಾಸನವು ವರ್ಣಿಸುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರರಕ್ಷಣೆಯನ್ನು ಹೇಳುವ ಪ್ರಕರಣವು, ವರ್ತಕರು ವರ್ತಕರನ್ನೇ ತಮ್ಮ ಸ್ಥಳಗಳಲ್ಲಿ ಇಳಿಸಿಕೊಳ್ಳತಕ್ಕದ್ದೆಂದು ವಿಧಿಸಿದೆ. ಆ ವ್ಯವಸ್ಥೆಯಲ್ಲಿ ಆತಿಥ್ಯಕ್ಕೆ ಪ್ರತಿಯಾಗಿ ಆತಿಥ್ಯ; ಒಂದು ರಾತ್ರಿಗೆ ಇಷ್ಟೆಂಬ ಬಾಡಿಗೆಯ ಚಿಂತೆಯಿಲ್ಲ. ಬಾಡಿಗೆ ಬಂದಮೇಲೆ ಗಣಿತವೂ ಬಂದಿತು. ಇನ್ನು ಅದನ್ನೇ ಹಿಡಿಯೋಣ.

ಹದಿನಾರು ಕೋಣೆಗಳಲ್ಲಿ ವರ್ಷದ ಸರಾಸರಿಗೆ ಪ್ರತಿ ರಾತ್ರಿಯೂ ಎಂಟು ತುಂಬುತ್ತವೆ, ಬಾಡಿಗೆ 600 ರೂಪಾಯಿ ಎಂದು ಹಿಡಿಯೋಣ. 365 ದಿನಗಳಿಗೆ 2,920 ಕೋಣೆ-ರಾತ್ರಿಗಳು. ಉತ್ಪನ್ನ 17,52,000 ರೂಪಾಯಿ. ಕೋಣೆಗೆ ಒಂದೂವರೆ ಲಕ್ಷದಂತೆ ಹೊಸ ನೆಲಗಲ್ಲು, ಬಚ್ಚಲುಮನೆ, ಮಂಚ, ಹವಾನಿಯಂತ್ರಕ, ದೊಡ್ಡ ಟೆಲಿವಿಷನ್ ಎಲ್ಲವನ್ನೂ ಹಾಕಿಸಿದರೆ 24 ಲಕ್ಷ. ಕೆಲಸ ನಡೆಯುವಾಗ ಕೋಣೆಗಳು ಮುಚ್ಚಿರುವುದರಿಂದ ತಪ್ಪುವ ಬಾಡಿಗೆ ಒಂದು ಲಕ್ಷ. ಅಂತು 25 ಲಕ್ಷ. ಆಮೇಲೆ ಬಾಡಿಗೆ 1,000 ರೂಪಾಯಿ. ಗುತ್ತಿಗೆದಾರನು ಹೇಳುವುದೇನೆಂದರೆ: ಎಂಟು ಕೋಣೆಗಳು ಎಂದಿನಂತೆ ತುಂಬಿದರೆ ಉತ್ಪನ್ನ 29,20,000 ರೂಪಾಯಿ, ಹೆಚ್ಚಳ 11,68,000, ಆದಕಾರಣ ಎರಡು ವರ್ಷ ಚಿಲ್ಲರೆಯಲ್ಲಿ ಅಸಲು ಸಂದಾಯ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಲೆಕ್ಕಕ್ಕೆ ಬಾರದೆ ಉಳಿದಿರುವ ಬಾಬುಗಳು ಹಲವು ಉಂಟು.

ಮೊದಲನೆಯದು ತೆರಿಗೆ. ಸೇವೆಯ ವ್ಯವಹಾರದಲ್ಲಿ ವರ್ಷದ ವಹಿವಾಟು 20 ಲಕ್ಷವನ್ನು ಮೀರದಿದ್ದರೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿಯು ಸಾಮಾನ್ಯವಾಗಿ ಕಡ್ಡಾಯವಲ್ಲ. ಹದಿನೇಳೂವರೆ ಲಕ್ಷದ ಹಳೆಯ ವಸತಿಗೃಹವು ಆ ಗೆರೆಯ ಈಚೆಗಿತ್ತು. ನವೀಕರಣವು ಅದನ್ನು ಗೆರೆಯ ಆಚೆಗೆ ದಾಟಿಸಿತು. ಸಾವಿರ ರೂಪಾಯಿ ಮತ್ತು ಅದಕ್ಕೆ ಕಡಮೆ ಬಾಡಿಗೆಯ ಕೋಣೆಗಳಿಗೆ ಮೊದಲು ತೆರಿಗೆಯೇ ಇರಲಿಲ್ಲ. 2022ರ ಜುಲೈ 18ರಿಂದ ನೂರಕ್ಕೆ 12ರಂತೆ ವಿಧಿಸಿದರು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ನೂರಕ್ಕೆ 5 ಎಂದು ಇಳಿಸಿದರು. ದರ ಇಳಿದುದು ಸಂತೋಷವೇ. ಆದರೆ ಈ ಐದರ ಪದ್ಧತಿಯಲ್ಲಿ, ಕೊಂಡ ಸಾಮಗ್ರಿಗಳ ಮೇಲೆ ನಾವು ಕೊಟ್ಟ ತೆರಿಗೆಯನ್ನು ವಜಾ ಪಡೆಯುವಂತಿಲ್ಲ. ನೆಲಗಲ್ಲಿನ ಮೇಲಿನ ತೆರಿಗೆಯೂ ಹವಾನಿಯಂತ್ರಕದ ಮೇಲಿನ ತೆರಿಗೆಯೂ ಅಸಲಿನಲ್ಲೇ ಸೇರಿಹೋಗುತ್ತವೆ. ತೆರಿಗೆಯನ್ನು ಬಾಡಿಗೆಯ ಮೇಲೆ ಬೇರೆಯಾಗಿ ಸೇರಿಸುತ್ತೇವೆಂದು ಹೇಳುವವರುಂಟು. ಪ್ರಯಾಣಿಕನು ನೋಡುವುದು ತನ್ನ ಕೈಯಿಂದ ಹೊರಟುಹೋಗುವ ಒಟ್ಟು ಹಣವನ್ನು. ಅವನ ಕಂಪೆನಿಯು ರಾತ್ರಿಯ ವಾಸಕ್ಕೆ ಇಷ್ಟೇ ಎಂದು ಗೊತ್ತುಮಾಡಿರುವಾಗ ಆ ಸಾವಿರದೊಳಗೇ ತೆರಿಗೆಯೂ ಅಡಗಬೇಕು. ಎಂಟು ಕೋಣೆ ತುಂಬಿದರೆ ಅದು ವರ್ಷಕ್ಕೆ ಸುಮಾರು 1,39,000 ರೂಪಾಯಿ. ಲೆಕ್ಕ ಬರೆಯುವವರಿಗೆ 30,000 ಬೇರೆ.

(ಕೆಲವರು ಅರ್ಧ ಕೋಣೆಗಳನ್ನು ಹೆಂಡತಿಯ ಹೆಸರಿನಲ್ಲಿ ತೋರಿಸಿ ಗೆರೆಯ ಈಚೆಗೆ ಉಳಿಯುವ ಉಪಾಯವನ್ನು ಬೋಧಿಸುತ್ತಾರೆ. ನಾವು ಲೆಕ್ಕವನ್ನು ಬರೆಯುತ್ತಿದ್ದೇವೆಯೇ ಹೊರತು ಕಳ್ಳಲೆಕ್ಕವನ್ನಲ್ಲ.)

ಎರಡನೆಯದು, ಕೋಣೆ ತುಂಬಿದ ರಾತ್ರಿಗಳಲ್ಲಿ ಹೆಚ್ಚಾಗುವ ವೆಚ್ಚ. ಹವಾನಿಯಂತ್ರಕದ ವಿದ್ಯುತ್ತು, ದಿನಕ್ಕೊಂದು ಬಿಳಿಯ ಹಾಸು, ಅದರ ಒಗೆತ, ವೈಫೈ, ಒಬ್ಬ ಹೆಚ್ಚಿನ ಹುಡುಗ, ಇವೆಲ್ಲ ಸೇರಿ ರಾತ್ರಿಗೆ 120 ರೂಪಾಯಿ ಹೆಚ್ಚೆಂದು ಹಿಡಿದರೆ ವರ್ಷಕ್ಕೆ 3,50,000. ಅಂತರ್ಜಾಲದ ಮಧ್ಯಸ್ಥರ ಮೂಲಕ ಕೋಣೆ ಮಾರಿದರೆ ಅವರ ದಲ್ಲಾಳಿಯು ಬಾಡಿಗೆಯಲ್ಲಿ ನೂರಕ್ಕೆ 15ರಿಂದ 20ರಷ್ಟೂ ಆಗಬಹುದು. ಅದನ್ನು ಇಲ್ಲಿ ಹಿಡಿದೇ ಇಲ್ಲ.

ಈ ಎರಡನ್ನು ಕಳೆದರೆ ಹನ್ನೊಂದು ಲಕ್ಷ ಚಿಲ್ಲರೆಯ ಹೆಚ್ಚಳವು 6,48,000 ರೂಪಾಯಿಗೆ ಇಳಿಯಿತು. ಇದರ ಎದುರಿಗೆ ಸಾಲದ ಭಾರವನ್ನು ಇಡಬೇಕು. ಬಡ್ಡಿಯನ್ನು ಮಾತ್ರ ಲೆಕ್ಕಹಾಕಿ ಸುಮ್ಮನಾಗುವುದು ನಮ್ಮವರಲ್ಲಿ ಬಹಳ ಹಳೆಯ ರೂಢಿ. ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಅಸಲು-ಬಡ್ಡಿಗಳು ಬೆರೆತ ಲೆಕ್ಕಗಳಿಗಾಗಿ ಮಿಶ್ರಕವ್ಯವಹಾರವನ್ನೇ ಬರೆದಿರುವಾಗ, ನಾವು ಬಡ್ಡಿಯೊಂದನ್ನೇ ನೋಡುವುದೇಕೆ? ಹಾಸಿಗೆಯೂ ಬಣ್ಣವೂ ನಾಲ್ಕೈದು ವರ್ಷ ಬಾಳುತ್ತವೆ. ಬಚ್ಚಲುಮನೆಯ ಕೆಲಸವು ಹತ್ತು ವರ್ಷಕ್ಕೆ ಮಿಕ್ಕಿ ಬಾಳೀತು. ಸರಾಸರಿಗೆ ಏಳು ವರ್ಷ. ಆ ಏಳು ವರ್ಷಗಳಲ್ಲಿ ಅಸಲೂ ತೀರಬೇಕು, ಬಡ್ಡಿಯೂ ತೀರಬೇಕು. ಏಕೆಂದರೆ ಎಂಟನೆಯ ವರ್ಷಕ್ಕೆ ಕೋಣೆಗಳು ಮತ್ತೆ ಹಳತಾಗಿರುತ್ತವೆ. ನೂರಕ್ಕೆ 11ರ ಬಡ್ಡಿಯಲ್ಲಿ 25 ಲಕ್ಷವನ್ನು ಏಳು ಸಮಕಂತುಗಳಲ್ಲಿ ತೀರಿಸಲು ವರ್ಷಕ್ಕೆ ಸುಮಾರು 5,30,500 ರೂಪಾಯಿ ಬೇಕು. ಕೈಯಲ್ಲುಳಿಯುವುದು 1,18,000.

ಉಳಿಯಿತಲ್ಲಾ ಎಂದು ತಮ್ಮನು ಹೇಳಬಹುದು. ಎಂಟು ಕೋಣೆಗಳು ಎಂದಿನಂತೆ ತುಂಬಿದರೆ ಉಳಿಯಿತು, ನಿಜ. ಬಾಡಿಗೆಯು 600ರಿಂದ 1,000ಕ್ಕೆ ಏರಿದಾಗ ಎಂಟು ಏಳಾದರೆ? ಆಗ ಉತ್ಪನ್ನ 25,55,000. ತೆರಿಗೆ, ಹೆಚ್ಚಿನ ವೆಚ್ಚ, ಬರೆಯುವವರ ಸಂಬಳಗಳನ್ನು ಕಳೆದು, ತುಂಬದ ಕೋಣೆಯಲ್ಲಿ ಉಳಿಯುವ ಒಗೆತ-ನೀರಿನ ನೂರು ನೂರು ರೂಪಾಯಿಗಳನ್ನು ಕೂಡಿಸಿದರೆ, ಹೆಚ್ಚಳವು 3,81,000ಕ್ಕೆ ಬೀಳುತ್ತದೆ. ಕಂತು 5,30,500. ಪ್ರತಿ ವರ್ಷವೂ ಒಂದೂವರೆ ಲಕ್ಷದಷ್ಟು ತೋಟದ ಅಡಕೆಯಿಂದ ತುಂಬಬೇಕು. ಲಾಭನಷ್ಟಗಳ ಗಡಿಯು ಏಳೂವರೆ ಕೋಣೆಗಳ ಬಳಿ ಇದೆ. 25 ಲಕ್ಷದ ಸಾಹಸವೆಲ್ಲ ರಾತ್ರಿಗೆ ಅರ್ಧ ಕೋಣೆಯ ಮೇಲೆ ನಿಂತಿದೆಯೆಂಬುದನ್ನು ಸಹೋದರರಿಬ್ಬರೂ ಕುಳಿತು ನೋಡತಕ್ಕದ್ದು.

ಆ ಅರ್ಧ ಕೋಣೆಯ ಗತಿಯನ್ನು ನಿರ್ಣಯಿಸುವವರು ಯಾರು? ಈಗ ಬಂದು ಇಳಿಯುವ ಎಂಟು ಮಂದಿ. ಅವರೆಲ್ಲ ವ್ಯಾಪಾರದ ಪ್ರಯಾಣಿಕರಲ್ಲ. ಹುಚ್ಚರಾಯಸ್ವಾಮಿಯ ತೇರಿಗೆ ಬಂದವರು, ಮದುವೆಗೆ ಬಂದ ನೆಂಟರು, ನ್ಯಾಯಾಲಯದ ವಾಯಿದೆಗೆ ಬಂದ ಹಳ್ಳಿಯವರು, ಅಕ್ಕಮಹಾದೇವಿಯ ಉಡುತಡಿಯನ್ನೂ ಬಳ್ಳಿಗಾವಿಯನ್ನೂ ನೋಡಹೊರಟ ಕುಟುಂಬದವರು, ಇವರು ಐದು ಮಂದಿ ಎನ್ನೋಣ. ಇವರಲ್ಲಿ ಸಾವಿರ ರೂಪಾಯಿ ಕೇಳಿ ಬೆನ್ನು ತಿರುಗಿಸುವವರೇ ಹೆಚ್ಚು. ಉಳಿದ ಮೂವರು ಔಷಧದ ಕಂಪೆನಿಯ ಪ್ರತಿನಿಧಿ, ಬಿತ್ತನೆಬೀಜ-ಗೊಬ್ಬರಗಳ ಮಾರಾಟಗಾರ, ಬ್ಯಾಂಕಿನ ತನಿಖೆಯವರು, ಶುಂಠಿ ಮೆಕ್ಕೆಜೋಳಗಳ ಖರೀದಿದಾರರು. ನವೀಕರಣವು ಇವರಿಗಾಗಿ. ಆದರೆ ಇವರು ಶಿಕಾರಿಪುರದಲ್ಲಿ ರಾತ್ರಿ ಉಳಿಯುವುದು ಹಾಸಿಗೆಯ ಮೃದುತ್ವವನ್ನು ನೋಡಿಯಲ್ಲ, ಮರುದಿನ ಬೆಳಿಗ್ಗೆ ಇಲ್ಲಿಯೇ ಕೆಲಸವಿರುವುದರಿಂದ. ಶಿವಮೊಗ್ಗವು ಇಲ್ಲಿಂದ ಸುಮಾರು 50 ಕಿಲೋಮೀಟರು. ಸ್ವಂತ ಕಾರುಳ್ಳವನು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೊರಟು ಅಲ್ಲಿ ಊಟಮಾಡಿ ಮಲಗುತ್ತಾನೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣವು ಉದ್ಘಾಟನೆಗೊಂಡಿತು. ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನಗಳು ಹಾರತೊಡಗಿದವು. ಅದರಿಂದ ನಮ್ಮ ಊರಿಗೂ ದೊಡ್ಡ ಅಧಿಕಾರಿಗಳು ಬರುವರೆಂದು ಹಿಗ್ಗುವವರುಂಟು. ಬರಬಹುದು; ಆದರೆ ಹಾರಿ ಬಂದವನು ಹಾರಿಯೇ ಹಿಂದಿರುಗುತ್ತಾನೆ, ಇಲ್ಲವೆ ಶಿವಮೊಗ್ಗದಲ್ಲಿ ತಂಗುತ್ತಾನೆ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲುಮಾರ್ಗವು ಮಂಜೂರಾಗಿದೆ. ಮಾರ್ಗವನ್ನು ಹಾಕುವ ವರ್ಷಗಳಲ್ಲಿ ಗುತ್ತಿಗೆಯವರೂ ಇಂಜಿನಿಯರುಗಳೂ ತಿಂಗಳುಗಟ್ಟಲೆ ಕೋಣೆ ಹಿಡಿದಾರು. ಗಾಡಿ ಓಡತೊಡಗಿದಮೇಲೆ ಬರುವುದೂ ಸುಲಭ, ಅದೇ ದಿನ ಹೋಗುವುದೂ ಸುಲಭ. ಒಳ್ಳೆಯ ದಾರಿಯು ಅಂಗಡಿಗೆ ತರುವಷ್ಟು ಗಿರಾಕಿಗಳನ್ನು ಹಾಸಿಗೆಗೆ ತರುವುದಿಲ್ಲ.

ಹಾಗಾದರೆ ಅಣ್ಣನೇ ಗೆದ್ದನೋ ಎಂದರೆ, ಅದೂ ಅಲ್ಲ. ಏನೂ ಮಾಡದೆ ಕುಳಿತರೆ ಎಂಟು ಎಂಟಾಗಿಯೇ ಉಳಿಯುವುದೆಂದು ಅಣ್ಣನೂ ಊಹಿಸಿಕೊಂಡಿದ್ದಾನೆ. ಮುಗ್ಗಲು ಹಿಡಿದ ಕೋಣೆಯಿಂದ ವರ್ಷ ವರ್ಷವೂ ಒಬ್ಬೊಬ್ಬರು ಜಾರಿ, ಎಂಟು ಆರಾದರೆ, ನೂರು ರೂಪಾಯಿಯ ವೆಚ್ಚವನ್ನು ಬಿಟ್ಟು ಕೋಣೆ-ರಾತ್ರಿಗೆ 500ರಂತೆ ವರ್ಷಕ್ಕೆ 3,65,000 ರೂಪಾಯಿ ತಾನಾಗಿಯೇ ಹೋಗುತ್ತದೆ. ಆ ನಷ್ಟವನ್ನು ನವೀಕರಣವು ತಪ್ಪಿಸುವುದಾದರೆ ಅದೂ ನವೀಕರಣದ ಲಾಭವೇ ಸರಿ. ಏಳು ಕೋಣೆಗಳ ಲೆಕ್ಕದಲ್ಲಿ ಬಂದ 3,81,000ಕ್ಕೆ ಇದನ್ನು ಕೂಡಿಸಿದರೆ 7,46,000 ಆಗಿ ಕಂತನ್ನು ದಾಟಿಬಿಡುತ್ತದೆ. ಆದ್ದರಿಂದ ಹೋಲಿಸಬೇಕಾದುದು ಇಂದಿನ ಸ್ಥಿತಿಯನ್ನಲ್ಲ. ರಿಪೇರಿಯಿಲ್ಲದೆ ಬಿಟ್ಟರೆ ಮೂರು ವರ್ಷದ ಮೇಲೆ ಆಗಬಹುದಾದ ಸ್ಥಿತಿಯನ್ನು. ಇದನ್ನು ತಿಳಿಯಲು ಜ್ಯೋತಿಷ್ಯ ಬೇಡ. ಪ್ರತಿ ವಸತಿಗೃಹದಲ್ಲಿಯೂ ಬಂದವರ ಹೆಸರು, ಊರು, ಉದ್ದೇಶಗಳನ್ನು ಬರೆಯುವ ರಿಜಿಸ್ಟರು ಇರುತ್ತದೆ. ಕಳೆದ ಮೂರು ವರ್ಷಗಳ ಪುಸ್ತಕಗಳನ್ನು ತೆಗೆದು, ವ್ಯಾಪಾರಕ್ಕೆ ಬಂದವರ ಹೆಸರಿನ ಮುಂದೆ ಕೆಂಪು ಗುರುತು ಹಾಕುತ್ತ ಹೋದರೆ, ಅವರ ಸಂಖ್ಯೆ ಇಳಿಯುತ್ತಿದೆಯೇ, ಅದೇ ಹೆಸರುಗಳು ತಿಂಗಳು ತಿಂಗಳೂ ಬರುತ್ತಿವೆಯೇ, ಯಾವ ತಿಂಗಳಿನಿಂದ ಯಾರು ನಿಂತುಹೋದರು, ಎಲ್ಲವೂ ಎರಡು ಸಂಜೆಗಳಲ್ಲಿ ತಿಳಿದುಬರುತ್ತದೆ. ನಿಂತುಹೋದವರಲ್ಲಿ ನಾಲ್ವರಿಗೆ ದೂರವಾಣಿ ಮಾಡಿ ಕಾರಣವನ್ನು ವಿಚಾರಿಸುವುದಕ್ಕೆ ಸಂಕೋಚವೇಕೆ?

ಅವರು ಹೇಳುವ ಕಾರಣಗಳನ್ನು ನಾವು ಊಹಿಸಬಲ್ಲೆವು. ನಾವೂ ಪರೀಕ್ಷೆಯ ಕೆಲಸಗಳಿಗಾಗಿ ವರ್ಷಗಟ್ಟಲೆ ಇಂತಹ ಕೋಣೆಗಳಲ್ಲಿ ಮಲಗಿದವರೇ. ಬೆಳಿಗ್ಗೆ ಆರಕ್ಕೆ ಬಿಸಿನೀರು. ಒಣಗಿದ ಶುಚಿಯಾದ ಕಕ್ಕಸು. ಕರೆಂಟು ಹೋದಾಗಲೂ ಒಂದು ದೀಪ, ಒಂದು ಫ್ಯಾನು. ಬರೆಯಲು ಅಲುಗಾಡದ ಮೇಜು. ಮಂಚದ ಪಕ್ಕದಲ್ಲಿಯೇ ಮೊಬೈಲಿಗೆ ಪ್ಲಗ್ಗು. ನಡುರಾತ್ರಿಯಲ್ಲಿ ಬಾಗಿಲು ಬಡಿಯದ ನೆರೆಕೋಣೆ. ಹೊರಡುವಾಗ ಅಚ್ಚುಮಾಡಿದ ರಸೀತಿ. ಗ್ರಾನೈಟು ಕಲ್ಲನ್ನೂ ಗೋಡೆಯ ಚಿತ್ರವನ್ನೂ ಕೇಳಿದವರನ್ನು ನಾವು ಕಾಣೆವು. ಹವಾನಿಯಂತ್ರಕವು ಈ ಸೀಮೆಯಲ್ಲಿ ಬೇಸಗೆಯ ಎರಡು ಮೂರು ತಿಂಗಳು ಬೇಕಾದೀತು. ಮಳೆಗಾಲದಲ್ಲಿ ಬೇಕಾಗುವುದು ಒಣಗಿದ ಹೊದಿಕೆ. ಅಮೆರಿಕದ ಸ್ಟಾಟ್ಲರ್ ಎಂಬಾತನು 1908ರಲ್ಲಿ ಬಫೆಲೋ ನಗರದಲ್ಲಿ ತೆರೆದ ಹೋಟೆಲಿನಲ್ಲಿ, ಒಂದೂವರೆ ಡಾಲರಿಗೆ ಕೋಣೆಯೊಡನೆ ಸ್ವಂತ ಸ್ನಾನಗೃಹವನ್ನೂ ಕೊಟ್ಟು ತಿರುಗುವ ವರ್ತಕರನ್ನು ಸೆಳೆದನು. ಎರಡು ಕೋಣೆಗಳ ಸ್ನಾನಗೃಹಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿ, ನಡುವಿನ ಒಂದೇ ಕೊಳವೆಯ ಗೂಡಿನಿಂದ ಎರಡಕ್ಕೂ ನೀರು ಕೊಟ್ಟು ವೆಚ್ಚವನ್ನು ಇಳಿಸಿದುದು ಅವನ ಜಾಣ್ಮೆ. ಒಳಗೆ ಕಾಲಿಡುತ್ತಲೇ ಕೈಗೆ ಸಿಗುವಂತೆ ಬಾಗಿಲ ಬಳಿ ದೀಪದ ಗುಂಡಿಯನ್ನಿಟ್ಟುದೂ ಅವನೇ. ಅಲಂಕಾರಕ್ಕೆ ಮುಂಚೆ ಕೊಳವೆ, ಕೊಳವೆಯ ಬಳಿಕ ದೀಪ. ನಮ್ಮ ಕಡೆಯ ನವೀಕರಣಗಳಲ್ಲಿ ಈ ಕ್ರಮವು ತಲೆಕೆಳಗಾಗಿರುವುದನ್ನು ಎಷ್ಟೋ ಕಡೆ ಕಂಡಿದ್ದೇವೆ: ಹೊರಗೋಡೆಯಲ್ಲಿ ಬಣ್ಣದ ದೀಪಗಳ ಸಾಲು, ಒಳಗೆ ಬಕೆಟ್ಟಿಗೆ ಹಿಡಿಕೆಯಿಲ್ಲ.

ಈ ಕ್ರಮವನ್ನೇ ಅನುಸರಿಸಿ ಬೇರೊಂದು ಲೆಕ್ಕವನ್ನು ಹಾಕೋಣ. ರಸ್ತೆಯ ಸದ್ದಿನಿಂದ ದೂರವಾದ ನಾಲ್ಕೇ ಕೋಣೆಗಳು, ಕೋಣೆಗೆ 60,000 ರೂಪಾಯಿ, ಹವಾನಿಯಂತ್ರಕವಿಲ್ಲ, ಮೇಲೆ ಹೇಳಿದ ಏಳು ಸಂಗತಿಗಳು ಮಾತ್ರ. ಅಸಲು 2,40,000, ಕೆಲಸದ ದಿನಗಳ ಬಾಡಿಗೆ ನಷ್ಟ 10,000. ಒಟ್ಟು ಎರಡೂವರೆ ಲಕ್ಷ. ಅದೇ ಬಡ್ಡಿ, ಅದೇ ಏಳು ವರ್ಷ, ಕಂತು 53,000. ಈ ನಾಲ್ಕರಲ್ಲಿ ಈಗ ಬರುವ ಮೂವರೇ ವ್ಯಾಪಾರಸ್ಥರು 800 ರೂಪಾಯಿಗೆ ಇಳಿದರೂ, ರಾತ್ರಿಗೆ 60 ರೂಪಾಯಿ ಹೆಚ್ಚಿನ ವೆಚ್ಚವನ್ನು ಕಳೆದು, ವರ್ಷಕ್ಕೆ 1,53,300 ಹೆಚ್ಚಾಗಿ ಬರುತ್ತದೆ. ಕಂತನ್ನು ಕಟ್ಟಿ ಒಂದು ಲಕ್ಷ ಉಳಿಯುತ್ತದೆ. ಹತ್ತುಪಟ್ಟು ಸಾಲಮಾಡಿ, ಎಲ್ಲವೂ ಕೂಡಿಬಂದರೆ ಮಾತ್ರ ಉಳಿಯುವ 1,18,000ಕ್ಕೂ ಇದಕ್ಕೂ ಎಷ್ಟು ಅಂತರ? ಮೇಲಾಗಿ 600ರ ಕೋಣೆಗಳು ಹನ್ನೆರಡು ಹಾಗೆಯೇ ಇರುವುದರಿಂದ ತೇರಿನವರೂ ನೆಂಟರೂ ಬೇರೆಡೆಗೆ ಹೋಗುವ ಪ್ರಮೇಯವಿಲ್ಲ. ಮೂವರಲ್ಲಿ ಒಬ್ಬನು 800 ಕೊಡಲೊಲ್ಲದೆ ಹಳೆಯ ಕೋಣೆಗೇ ಇಳಿದರೂ ಇಬ್ಬರಿಂದ ಬರುವ 1,02,200 ಕಂತಿಗೆ ಸಾಕಾಗಿ ಮಿಗುತ್ತದೆ. ಒಟ್ಟು ವಹಿವಾಟು 19,71,000. ತೆರಿಗೆಯ ಗೆರೆಗೆ 29,000 ಮಾತ್ರ ಉಳಿದಿರುವುದನ್ನು ಮರೆಯಬಾರದು. ಕೆಳಗಿನ ಊಟದ ಹೋಟೆಲೂ ಅದೇ ಯಜಮಾನನದಾದರೆ ಅದರ ವಹಿವಾಟನ್ನೂ ಕೂಡಿಸಬೇಕಾಗಿ, ಗೆರೆ ಎಂದೋ ದಾಟಿರುತ್ತದೆ. ಆಗ ಈ ಲೆಕ್ಕವನ್ನು ತೆರಿಗೆಸಹಿತವಾಗಿ ಮತ್ತೆ ಹಾಕತಕ್ಕದ್ದು. ಎರಡೂವರೆ ಲಕ್ಷಕ್ಕೆ ತೋಟದ ಪತ್ರವು ಪೆಟ್ಟಿಗೆಯಿಂದ ಹೊರಗೆ ಬರಬೇಕಾಗಿಯೂ ಇಲ್ಲ. ಒಂದು ವರ್ಷದ ತರುವಾಯ ಆ ನಾಲ್ಕೂ ಪ್ರತಿ ರಾತ್ರಿ ತುಂಬಿ ಬಂದವರು ಹಿಂದಿರುಗುವಂತಾದರೆ, ಐದನೆಯ ಆರನೆಯ ಕೋಣೆಗಳಿಗೆ ಆಗ ಕೈಹಾಕಬಹುದು. ಅಣ್ಣನೇ ಮುಂದಾಗಿ ಹಾಕಿಯಾನು.

ಇದೇ ಪ್ರಶ್ನೆಯನ್ನು ಸೊರಬದಲ್ಲಿ ಕೇಳಿದರೆ ಉತ್ತರವು ಸ್ವಲ್ಪ ಬೇರೆ. ಊರು ಚಿಕ್ಕದು. ಚಂದ್ರಗುತ್ತಿಯ ರೇಣುಕಾಂಬೆಯ ಭಕ್ತರೂ ಗುಡವಿಯ ಪಕ್ಷಿಧಾಮಕ್ಕೆ ಹೋಗುವವರೂ ಹಾದುಹೋಗುತ್ತಾರೆ. ತಾಲ್ಲೂಕು ಕಚೇರಿಯ ಕೆಲಸಕ್ಕೆ ಬಂದವರು ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಎಂಟು ಕೋಣೆಗಳ ವಸತಿಗೃಹದಲ್ಲಿ ಮೂರು ತುಂಬುವುವೆಂದು ಹಿಡಿದು, ಎಂಟನ್ನೂ ಒಂದೂವರೆ ಲಕ್ಷದಂತೆ ನವೀಕರಿಸಿ ಸಾವಿರಕ್ಕೆ ಬಿಟ್ಟರೆ, ವಹಿವಾಟು 11 ಲಕ್ಷದೊಳಗೇ ಇರುವುದರಿಂದ ತೆರಿಗೆಯ ಬಾಧೆಯಿಲ್ಲ. 12 ಲಕ್ಷದ ಕಂತು 2,54,700, ಹೆಚ್ಚಳ 3,06,600. ಕಾಗದದ ಮೇಲೆ ಶಿಕಾರಿಪುರಕ್ಕಿಂತ ಚೆನ್ನ. ಆದರೆ ಮೂರು ಎರಡಾದರೆ ಹೆಚ್ಚಳವು 21,900ಕ್ಕೆ ಕುಸಿಯುತ್ತದೆ. ಮೂರರಲ್ಲಿ ಒಂದು ತಪ್ಪಲು ಹೆಚ್ಚು ಕಾರಣ ಬೇಕಿಲ್ಲ, ಸಾಗರವು ಕೇವಲ 30 ಕಿಲೋಮೀಟರಿನಷ್ಟು ದೂರದಲ್ಲಿದೆ. ಸೊರಬದವರಿಗೆ ಎರಡು ಕೋಣೆಗಳನ್ನು 60,000ದಂತೆ ಸರಿಮಾಡಿಸಿ 800ಕ್ಕೆ ಬಿಡುವುದು ಸಾಕೆಂದು ನಮ್ಮ ಅಭಿಪ್ರಾಯ. ಅದರ ಕಂತು ವರ್ಷಕ್ಕೆ 25,500 ರೂಪಾಯಿ. ಎರಡು ರಾತ್ರಿಗೊಮ್ಮೆ ಹಳೆಯ ಗಿರಾಕಿಯೊಬ್ಬನು 600ರ ಕೋಣೆಯನ್ನು ಬಿಟ್ಟು ಅವುಗಳಲ್ಲೊಂದನ್ನು ಹಿಡಿದರೂ ಅಷ್ಟು ಹಣವು ಹೊರಡುತ್ತದೆ.